ನಡೆಯುವ ಬೇಲಿ

ನಮ್ಮೂರ ಅಯ್ಯಪ್ಪನ ದೇವರಕಾಡಿಗೆ ದೇರಪ್ಪನವರೇ ಕಾವಲಂತೆ, ಕಾವಲು! ಮುದುಕಿ ಹೊನ್ನಮ್ಮ ಅಲ್ಲಿ ಒಣ ಪುಳ್ಳೆ ಆಯ್ದರೂ ಸಾಕು, "ದೇವರ ಸೊತ್ತು ಹೊನ್ನಕ್ಕ, ಮುಟ್ಟಿದ್ರೆ ಕಣ್ಣು ಹೋಗ್ತದೆ!" ಎಂದು ಗಾಳಿಬೀಡು ಊರಿಗೆಲ್ಲ ಕೇಳುವಂತೆ ಅರಚುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ಪ್ರತಿ ಮಳೆಗಾಲವೂ ಅವರ ಕಾಫಿ ತೋಟದ ಬೇಲಿ ಮಾತ್ರ ಕಾಡಿನೊಳಕ್ಕೆ ಒಂದು ಸಾಲು ಗಿಡದಷ್ಟು ನಡೆಯುತ್ತದೆ. ಕೇಳಿದರೆ, "ಹಂದಿ ತಳ್ಳಿದ್ದು ಮಾರಾಯ್ರೆ" ಎನ್ನುತ್ತಾರೆ. ಮಂಗಟ್ಟೆ ಹಕ್ಕಿ ಗೂಡು ಮಾಡಿದ್ದ ಹೆಬ್ಬಲಸಿನ ಮರವನ್ನೂ ಹಂದಿಯೇ ಗರಗಸ ಹಿಡಿದು ಕೊಯ್ದಿರಬೇಕು! ಬೇಟೆಯ ದೇವರಾದ ಈ ಅಯ್ಯಪ್ಪನಿಗೆ ನಾವು ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಕಾಡಿನ ನಡುವೆ ಇದ್ದವು. ಈಗ ಅವರ ಕಾಫಿ ಗಿಡಗಳ ಬುಡದಲ್ಲಿ ಕೂತಿವೆ. ಈ ವರ್ಷವೂ ದೇರಪ್ಪ ಅಲ್ಲೇ ಒಂದು ಹೊಸ ನಾಯಿ ಇಟ್ಟು, ಭಕ್ತಿಯಿಂದ ಕಣ್ಣು ಮುಚ್ಚಿ ಬೇಡಿಕೊಂಡರು: "ಅಯ್ಯಪ್ಪ, ನನ್ನ ತೋಟಕ್ಕೆ ಕಳ್ಳರು ನುಗ್ಗದ ಹಾಗೆ ನೋಡ್ಕೊಳ್ಳಪ್ಪ."