ಎಡಗಡೆಯ ಗೋಡೆ

ಎದುರು ಮನೆಯವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ತಾಯಿಯೊಬ್ಬಳು ಮಗಳಿಗಾಗಿ ಪಟ್ಟ ಶ್ರಮದ ಕಥೆಯ ಹಾಗೆ ಕೇಳಿಸುತ್ತದೆ. ಶ್ರಮಪಟ್ಟದ್ದು ನಿಜ. ಮಗಳಿಗಾಗಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದದ್ದೂ ನಿಜ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಲಹಂಕದ ಹೊಸ ಬಡಾವಣೆಗೆ ನಾವು ಬಂದು ವರ್ಷವಾಗಿತ್ತು. ರಸ್ತೆಯ ಎರಡು ಕಡೆಯೂ ಒಂದೇ ನಕ್ಷೆಯ ಮನೆಗಳು. ನಮ್ಮ ನೆಂಟರು ಎಷ್ಟೋ ಸಲ ಎದುರು ಮನೆಯ ಬಾಗಿಲು ತಟ್ಟಿದ್ದುಂಟು. ಆ ಮನೆಗೆ ನನಗಿಂತ ಐದಾರು ವರ್ಷ ಚಿಕ್ಕವಳೊಬ್ಬಳು ಗಂಡ, ಮಗಳ ಜೊತೆ ಬಂದಳು. ಬೆಳಗ್ಗೆ ಹಾಲಿಗೆ ನಿಲ್ಲುವಾಗಲೂ ಇಸ್ತ್ರಿ ಮಾಡಿದ ಸೀರೆ. ನಾನು ಸೆರಗಿಗೆ ಕೈ ಒರೆಸಿಕೊಂಡೇ ಓಡುತ್ತಿದ್ದೆ. ಅವಳ ಮಗಳೂ ನನ್ನ ಮಗಳೂ ಎರಡನೇ ಕ್ಲಾಸು, ಒಂದೇ ಬೆಂಚು.

ಒಂದು ದಿನ ಅವರ ಮನೆಯ ಮುಂದೆ ಟೆಂಪೋ ನಿಂತಿತು. ಇಳಿದದ್ದು ಮಗುವಿನ ಮಂಚ. ತಲೆಯ ಕಡೆ ಆಕಾಶನೀಲಿ ಸನ್‌ಮೈಕಾ ಹೊದಿಸಿದ ಹಲಗೆ, ಅದರಲ್ಲಿ ಪುಸ್ತಕ ಇಡಲು ಪುಟ್ಟ ಗೂಡು. ನಮ್ಮ ಮಗಳಿಗೂ ಒಂದು ಕೋಣೆ ಇತ್ತು ಅನ್ನಿ. ಅಕ್ಕಿ ಮೂಟೆ, ಹೊಲಿಗೆ ಮೆಷಿನ್ನು, ಉಳಿದ ಜಾಗದಲ್ಲಿ ಒಂದು ಬೋಳು ಕಬ್ಬಿಣದ ಮಂಚ.

"ಅಮ್ಮಾ, ಆಂಟಿ ಮನೇಲಿ ಮಂಚಕ್ಕೆ ಹೆಡ್‌ಬೋರ್ಡ್ ಇದೆ. ಒರಗ್ಕೊಂಡು ಓದ್ಬೋದು. ಇವತ್ತು ಅಲ್ಲೇ ಮಲಗ್ಲಾ?"

ಮೊದಮೊದಲು ಶನಿವಾರ ಮಾತ್ರ. ಆಮೇಲೆ ಬುಧವಾರವೂ ಸೇರಿತು, ಆಮೇಲೆ ಯಾವ ವಾರ ಎಂದೇ ಇಲ್ಲ. ಬೆಳಗ್ಗೆ ಎದುರು ಮನೆಯಿಂದಲೇ ತಲೆ ಬಾಚಿಸಿಕೊಂಡು ಬರುತ್ತಿದ್ದಳು. ಆ ಜಡೆ ನಾನು ಹಾಕುವುದಕ್ಕಿಂತ ನೀಟಾಗಿರುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ನಾನೇ ಹೆಣೆದದ್ದೂ ಇದೆ, ಸಡಿಲವಾಗಿದೆ ಎಂದು ಸುಳ್ಳು ಹೇಳಿ. ನನ್ನ ಮಗಳು ನನ್ನ ಮನೆಯಲ್ಲೇ ಮಲಗಬೇಕು. ಆಗ ನನಗೆ ಬೇಕಾಗಿದ್ದದ್ದು ಅಷ್ಟೇ, ಅದೊಂದೇ.

"ನಾನೇ ಮಾಡ್ತೀನಿ, ಅವರದಕ್ಕಿಂತ ಚೆನ್ನಾಗಿ," ಎಂದೆ ಗಂಡನಿಗೆ. ಅವರು ನಕ್ಕರು. ಆದರೂ ಯಶವಂತಪುರದ ಅಂಗಡಿಯೊಂದರಿಂದ ಟೀಪುಡಿ ತುಂಬಿ ಬರುವ ಪ್ಲೈವುಡ್ ಪೆಟ್ಟಿಗೆಗಳನ್ನು ಬಿಚ್ಚಿಸಿಕೊಂಡು ತಂದುಕೊಟ್ಟರು. ಅಂಚಿನ ತಗಡು ಕೀಳುವಾಗ ಎರಡು ಬೆರಳು ಕುಯ್ದುಕೊಂಡೆ. ಮುರಿದ ಬೆಂಚಿನ ಮರದಿಂದ ಚೌಕಟ್ಟಾಯಿತು. ಹಳೆಯ ಹಾಸಿಗೆಯ ಹತ್ತಿ ಬಿಡಿಸಿ, ಬಿಸಿಲಿಗೆ ಹಾಕಿ, ಹಲಗೆಯ ಮೇಲೆ ದಪ್ಪಗೆ ಹರಡಿದೆ. ಹೊದಿಸಲು ಬಟ್ಟೆಯ ಪೆಟ್ಟಿಗೆಯಲ್ಲಿದ್ದ ನನ್ನ ಬದನೆಕಾಯಿ ಬಣ್ಣದ ಸೀರೆ ತೆಗೆದೆ. ಸೆರಗು ಹರಿದಿತ್ತು, ಒಡಲು ಗಟ್ಟಿಯಿತ್ತು. ಅರ್ಧ ಕತ್ತರಿಸಿ ಉಳಿದರ್ಧ ಮತ್ತೆ ಪೆಟ್ಟಿಗೆಗೆ ಹಾಕಿದೆ.

ಅಳತೆಗೆಂದು ಹೆಪ್ಪು ಕೇಳುವ ನೆಪದಲ್ಲಿ ಎದುರು ಮನೆಗೆ ಹೋದೆ. ಅವಳು ಒಳಗೆ ಬಟ್ಟಲು ಹುಡುಕುವಷ್ಟರಲ್ಲಿ ನೀಲಿ ಹಲಗೆಯನ್ನು ಗೇಣಿನಲ್ಲಿ ಅಳೆದೆ. ಎತ್ತರ ಮೂರು ಗೇಣು. ನಮ್ಮದಕ್ಕೆ ನಾಲ್ಕು ಬೆರಳು ಹೆಚ್ಚಿಗೆ ಇಟ್ಟೆ. ಮಂಚ ಎಲ್ಲಿದೆ ಎಂದೂ ನೋಡಿಕೊಂಡೆ: ಕೋಣೆಯ ಬಾಗಿಲು ಹೊಕ್ಕರೆ ಎಡಗಡೆಯ ಗೋಡೆಗೆ.

ಕೊನೆಯ ಕೆಲಸ ಗುಂಡಿಗಳದು. ಗಂಡನ ಹಳೆಯ ಅಂಗಿಗಳ ಹನ್ನೆರಡು ಗುಂಡಿಗೆ ಅದೇ ಬಟ್ಟೆ ಸುತ್ತಿ, ಕಾಯಿಸಿದ ಕಂಬಿಯಿಂದ ಹಲಗೆಗೆ ತೂತು ಸುಟ್ಟು, ಮೂಟೆ ಹೊಲಿಯುವ ದಬ್ಬಳದಲ್ಲಿ ದಾರ ಎಳೆದು ಹಿಂದೆ ಬಿಗಿಯಬೇಕು. ಮಗಳು ಪಕ್ಕದಲ್ಲೇ ಕೂತಿದ್ದಳು.

"ಅಮ್ಮಾ, ಒಂದೇ ಒಂದ್ ಗುಂಡಿ ನಾನ್ ಹಾಕ್ಲಾ?"

"ಮುಟ್ಬೇಡ. ಸೊಟ್ಟ ಆಗತ್ತೆ. ಎದುರು ಮನೆಯೋರು ನೋಡಿ ನಗ್ಬೇಕಾ?"

ಪ್ರತಿ ಗುಂಡಿಗೂ ಕೇಳಿದಳು. ಪ್ರತಿ ಗುಂಡಿಗೂ ಬೇಡವೆಂದೆ.

ಹಲಗೆಯನ್ನು ಎಡಗಡೆಯ ಗೋಡೆಗೆ ಭದ್ರವಾಗಿ ಮೊಳೆ ಹೊಡೆದು ನಿಲ್ಲಿಸಿ, ಮಂಚ ತಳ್ಳಿದ್ದಾಯಿತು. ಆ ಭಾನುವಾರವೇ ರಾಜಾನುಕುಂಟೆಯಿಂದ ನಮ್ಮ ಅತ್ತೆ ಬಂದರು. ಕೋಣೆಗೆ ಕಾಲಿಟ್ಟವರು ಅಲ್ಲೇ ನಿಂತರು.

"ಇದ್ಯಾಕವ್ವ ಇಂಗ್ ಮಾಡಿದ್ದೀಯ? ಮಗೀನ್ನ ಬಡಗ್ಲಿಗೆ ತಲೆ ಆಕಿ ಮಲಗಿಸ್ತೀಯಾ?"

ಎರಡು ಮನೆಗೂ ನಕ್ಷೆ ಒಂದೇ. ಆದರೆ ಅವರ ಮನೆಯ ಬಾಗಿಲು ಪೂರ್ವಕ್ಕೆ, ನಮ್ಮದು ಪಶ್ಚಿಮಕ್ಕೆ. ಅವರ ಎಡಗಡೆ ದಕ್ಷಿಣ, ನಮ್ಮ ಎಡಗಡೆ ಉತ್ತರ. ಉತ್ತರಕ್ಕೆ ತಲೆ ಹಾಕಿ ಮಲಗಿಸುವುದು ಹೆಣವನ್ನು. ಅಷ್ಟು ದಿನವೂ ಮಗಳನ್ನು ದಕ್ಷಿಣಕ್ಕೆ ತಲೆಯಿಟ್ಟು ಮಲಗಿಸುತ್ತಿದ್ದವಳು ನಾನೇ. ಎದುರು ಮನೆ ನೋಡಿ ನೋಡಿ ನನ್ನ ಮನೆಯ ದಿಕ್ಕೇ ಮರೆತಿತ್ತು. ಈಗ ಹಲಗೆ ಕಿತ್ತು ಆ ಕಡೆ ಹಾಕೋಣವೆಂದರೆ ದಕ್ಷಿಣದ ಗೋಡೆಯ ತುಂಬ ಗಾರೆಯ ಕಪಾಟು. ಅಡ್ಡಡ್ಡ ಹಾಕಿದರೆ ಕೋಣೆಯಲ್ಲಿ ಮಂಚ ಹಿಡಿಸುವುದಿಲ್ಲ. ನಾನು ಅಳುವುದೊಂದು ಬಾಕಿ.

ಮಗಳು ಮಂಚ ಹತ್ತಿದಳು. ದಿಂಬನ್ನು ಎಂದಿನಂತೆ ಕಪಾಟಿನ ಕಡೆಗೆ ಎಸೆದು, ಮಲಗಿ, ಎರಡು ಅಂಗಾಲನ್ನೂ ನನ್ನ ಮೆತ್ತನೆಯ ಹಲಗೆಗೆ ಒತ್ತಿದಳು.

"ಅಮ್ಮಾ, ಕಾಲಿಗೆ ಎಷ್ಟ್ ಚೆನ್ನಾಗಿದೆ!"

ಒಂದು ತಿಂಗಳ ಕೆಲಸ ಕಾಲಿಗೆ! ಉರಿದುಹೋಯಿತು. ಆದರೆ ಅವತ್ತು ಅವಳು ಮನೆಯಲ್ಲೇ ಮಲಗಿದಳು. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ಎರಡು ವಾರ ಎದುರು ಮನೆಯ ಮಾತೇ ಇಲ್ಲ. ನಾನು ಹಾಲಿಗೆ ನಿಂತಾಗ ತಲೆ ಎತ್ತಿ ನಿಲ್ಲತೊಡಗಿದೆ.

ಆಮೇಲೊಂದು ಸಂಜೆ ಎದುರು ಮನೆಯವಳೇ ಬಂದಳು. ಕೋಣೆಗೆ ಹೋಗಿ ಗುಂಡಿಗಳ ಮೇಲೆ ಕೈಯಾಡಿಸಿದಳು.

"ಅಕ್ಕಾ, ನಮ್ಮವಳು ಒಂದೇ ಹಟ ಕಣ್ರೀ. ಅವಳಿಗೂ ಕಾಲಿಗೆ ಇಂಥದ್ದೇ ಬೇಕಂತೆ. ನನಗೆ ಸೂಜಿ ಹಿಡಿಯೋಕೂ ಬರಲ್ಲ. ನೀವ್ ಮಾಡೋದನ್ನ ದಿನಾ ಕಿಟಕೀಲಿ ನೋಡ್ತಿದ್ದೆ. ನಿಜ ಹೇಳ್ಲಾ? ಹೊಟ್ಟೆಕಿಚ್ಚಾಗ್ತಿತ್ತು. ಒಂದು ಮಾಡ್ಕೊಡ್ತೀರಾ?"

ನಾನು ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡಿದ್ದ ಮಾತನ್ನು ಅವಳು ನಗುನಗುತ್ತಾ ಆಡಿಬಿಟ್ಟಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

"ಅಯ್ಯೋ, ಬಟ್ಟೆ ಪೂರ್ತಿ ಮುಗಿದೋಯ್ತಲ್ರೀ," ಎಂದೆ. ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಮರುದಿನ ಶನಿವಾರ, ಅರ್ಧ ದಿನದ ಸ್ಕೂಲು. ನಾನು ಹಿತ್ತಲಲ್ಲಿ ಬಟ್ಟೆ ಒಗೆದು ಒಳಗೆ ಬಂದರೆ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಮಗಳು ರಸ್ತೆ ದಾಟಿ ಓಡಿಬಂದಳು.

"ಬಟ್ಟೆ ಇತ್ತು ಅಮ್ಮಾ! ನೀನ್ ಮರೆತಿದ್ದೆ. ಆಂಟಿಗೆ ಕೊಟ್ಬಂದೆ."

ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. "ಏನಂದ್ರು?"

"ಏನೂ ಅನ್ಲಿಲ್ಲ. ಬಟ್ಟೇನೇ ನೋಡ್ತಾ ಇದ್ರು. ಆಮೇಲೆ, ಬಾ, ನೀನೇ ಹೇಳ್ಕೊಡು, ಎಲ್ಲಾರೂ ಸೇರಿ ಹೊಲಿಯೋಣ ಅಂದ್ರು."

ಅಷ್ಟು ಹೇಳಿ ದಬ್ಬಳ, ದಾರ ಎತ್ತಿಕೊಂಡು ಮತ್ತೆ ಓಡಿದಳು.

ಸಂಜೆ ನಮ್ಮ ಕಿಟಕಿಯಿಂದ ನೋಡಿದೆ. ಅವರ ವರಾಂಡದಲ್ಲಿ ಬದನೆಕಾಯಿ ಬಣ್ಣದ ಬಟ್ಟೆ ಹರಡಿತ್ತು. ಅವಳೂ ಇಬ್ಬರು ಹುಡುಗಿಯರೂ ಅದರ ಮೇಲೆ ಬಗ್ಗಿದ್ದರು. ನನ್ನ ಮಗಳು ಗುಂಡಿ ಹಾಕುತ್ತಿದ್ದಳು. ದಾರ ಎಳೆದು, ಹಲ್ಲಿನಲ್ಲಿ ಕಚ್ಚಿ, ಎರಡು ಸುತ್ತು ಬಿಗಿಯುವುದು ಥೇಟ್ ನನ್ನಂತೆಯೇ. ಗುಂಡಿ ಸೊಟ್ಟಗೆ ಕೂತಿದ್ದು ನನಗೆ ರಸ್ತೆಯ ಈಚೆಗೂ ಕಾಣುತ್ತಿತ್ತು. ಎದುರು ಮನೆಯವಳು ಅದನ್ನು ನೋಡಿ ಚಪ್ಪಾಳೆ ತಟ್ಟಿದಳು.

ಅವತ್ತು ಮಗಳು ಅಲ್ಲೇ ಮಲಗಿದಳು. ನಾನು ಅವಳ ಕೋಣೆಗೆ ಹೋಗಿ ಖಾಲಿ ಮಂಚದ ಮೇಲೆ ಕೂತೆ. ಹಲಗೆಯ ಮೇಲೆ ಎರಡು ಪುಟ್ಟ ಅಂಗಾಲಿನ ಮಾಸಲು ಗುರುತಿತ್ತು. ಅದರ ಸುತ್ತ ಹನ್ನೆರಡು ಗುಂಡಿ, ಒಂದಾದರೂ ಸೊಟ್ಟಗಿರಲಿಲ್ಲ. ಹನ್ನೆರಡನ್ನೂ ನಾನೇ ಹಾಕಿದ್ದೆ.