ಅವರು ಕಲಿತ ಒಂದೇ ಶಾರ್ಟ್‌ಕಟ್

ಮೌಸ್ ಹಿಡಿದು ತಡಕಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಗಂಡ ಎಷ್ಟೋ ಸಲ ಹೇಳಿದ್ದಾರೆ. ಆದರೆ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸ್ ಇಟ್ಟುಕೊಂಡು ಬದುಕುವ ಹೆಂಗಸಿಗೆ ಈ ಗುಣ ಬಾರದೆ ಇನ್ನಾವ ಗುಣ ಬಂದೀತು? ಎರಡು ಬೆರಳಿನಲ್ಲಿ ಆಗುವ ಕೆಲಸಕ್ಕೆ ಬಾಣದ ಗುರುತನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದಾಡುತ್ತಾ, “ಎಲ್ಲಿ ಹೋತಿದು?” ಎನ್ನುವವರ ಪಕ್ಕದಲ್ಲಿ ನಾನು ಸುಮ್ಮನೆ ನಿಲ್ಲಲಾರೆ. ಕೈ ತಾನಾಗಿ ಮುಂದೆ ಹೋಗಿಬಿಡುತ್ತದೆ.

ನನ್ನ ಈ ಚುರುಕಿನ ಸುದ್ದಿ ಕೇಳಿಯೇ ಇರಬೇಕು, ನಮ್ಮ ಸೀಮೆಯ ಒಂದು ಸರ್ಕಾರಿ ಕಚೇರಿಯವರು ಸಿಬ್ಬಂದಿಗೆಲ್ಲ ಶಾರ್ಟ್‌ಕಟ್ ಕಲಿಸಿಕೊಡಿ ಎಂದು ಕರೆದರು. ಯಾವ ಊರಿನ ಕಚೇರಿ ಎಂದು ನಾನು ಹೇಳುವುದಿಲ್ಲ. ಕೂಡ್ಲಿಗಿಯವರು ಓದಿದರೆ ಇದು ಹರಪನಹಳ್ಳಿಯದೇ ಎನ್ನಲಿ, ಹರಪನಹಳ್ಳಿಯವರು ಹಡಗಲಿಯ ಕಡೆ ಬೆರಳು ತೋರಿಸಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಲಿ.

ಕಂಟ್ರೋಲ್ ಸಿ ಒತ್ತಿದರೆ ನಕಲು, ಕಂಟ್ರೋಲ್ ವಿ ಒತ್ತಿದರೆ ಅಂಟು, ಟ್ಯಾಬ್ ಒತ್ತಿದರೆ ಮುಂದಿನ ಖಾನೆ ಎಂದು ಬೆಳಗಿನಿಂದ ಗಂಟಲು ಹರಿದುಕೊಂಡೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದ ಮೇಲಂತೂ ಅರ್ಧ ಹಾಲ್ ತೂಕಡಿಸತೊಡಗಿತು. ಕೊನೆಗೆ, ಇನ್ನೇನು ಮುಗಿಸಬೇಕು ಎನ್ನುವಾಗ, ಕುರ್ಚಿ ಬಿಟ್ಟು ಏಳುವ ಮುಂಚೆ ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಲಾಕ್ ಆಗುತ್ತದೆ, ಪಾಸ್‌ವರ್ಡ್ ಹಾಕುವವರೆಗೂ ಯಾರಿಗೂ ಏನೂ ಕಾಣುವುದಿಲ್ಲ ಎಂದೆ. ಕಿಟಕಿಯಲ್ಲಿ ಕೂತು ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಕಣ್ಣು ಬಿಟ್ಟು ನೆಟ್ಟಗೆ ಕೂತರು.

“ಮೇಡಂ, ಅದನ್ನ ಇನ್ನೊಂದ್ ಸಲ ತೋರಸ್ರಿ.”

ತೋರಿಸಿದೆ.

“ಒಳಗಿನ ಕೆಲಸ ಏನೂ ಅಳಿಸಿ ಹೋಗಂಗಿಲ್ಲಲ್ಲ?”

“ಇಲ್ರಿ ಸರ್. ಕೆಲಸ ಹೆಂಗೈತೋ ಹಂಗ ಇರ್ತೈತಿ.”

“ಹಂಗ ಇದ್ರ ಸಾಕ್ರಿ,” ಎಂದು ಅವರು ಸಮಾಧಾನದ ಉಸಿರು ಬಿಟ್ಟರು. ಸರ್ಕಾರಿ ಕೆಲಸದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು ಕಳಿಸಿಕೊಟ್ಟರು.

ಈ ವರ್ಷ ಮಗಳು ಹತ್ತನೆಯ ತರಗತಿ ಮುಗಿಸಿದಳು. ವಿಜ್ಞಾನ ಓದಬೇಕು, ದಾವಣಗೆರೆಗೇ ಹೋಗಬೇಕು ಎಂದು ಹಟ. ಅಲ್ಲಿ ಹಾಸ್ಟೆಲ್ ಸಿಕ್ಕರೆ ಮಾತ್ರ ಓದು, ಇಲ್ಲದಿದ್ದರೆ ಊರಲ್ಲೇ ಯಾವುದಕ್ಕಾದರೂ ಸೇರಿಸೋಣ ಎಂದು ಮನೆಯಲ್ಲಿ ಆಗಲೇ ಮಾತು ಶುರುವಾಗಿತ್ತು. ಹಾಸ್ಟೆಲ್‌ಗೆ ಆದಾಯ ಪ್ರಮಾಣಪತ್ರ ಬೇಕು, ಕೊಡುವುದಕ್ಕೆ ಇನ್ನೊಂದೇ ದಿನ ಉಳಿದಿತ್ತು. ಮಗಳು ತಟ್ಟೆಯ ಮುಂದೆ ಕೂತು ಉಣ್ಣದೆ ಏಳುತ್ತಿದ್ದಳು. ಅದನ್ನು ನೋಡಲಾರದೆ ನಾನು ಅರ್ಜಿ ಹಿಡಿದು ಅದೇ ಕಚೇರಿಗೆ ಓಡಿದೆ.

ಎಲ್ಲರಂತೆ ಲೈನಿನಲ್ಲಿ ನಿಂತೆ. ಲೈನು ಬೇಗ ಬೇಗ ಸಾಗುತ್ತಿತ್ತು. ಪರವಾಗಿಲ್ಲವೇ, ನನ್ನ ಪಾಠ ಫಲ ಕೊಟ್ಟಿದೆ ಎಂದು ಒಳಗೊಳಗೇ ಬೀಗಿದೆ. ಕಿಟಕಿ ಹತ್ತಿರವಾದಾಗ ಅದರ ಗುಟ್ಟು ತಿಳಿಯಿತು. ಕಷ್ಟದ ಅರ್ಜಿ ಬಂದರೆ ಸಾಕು, ಅವತ್ತಿನ ಅದೇ ಗುಮಾಸ್ತರ ಎರಡು ಬೆರಳು ಕೀಬೋರ್ಡಿನ ಮೇಲೆ ಆಡುತ್ತಿದ್ದವು. ಆಮೇಲೆ ಅವರು ಕಂಪ್ಯೂಟರನ್ನೇ ಜನರ ಕಡೆ ತಿರುಗಿಸುತ್ತಿದ್ದರು.

“ನೋಡ್ರಿ, ನೀವ ಕಣ್ಣಾರೆ ನೋಡ್ರಿ. ಲಾಕ್ ಆಗೈತಿ. ನಮ್ ಕೈಯಾಗ ಏನೈತಿ? ಊಟ ಮಾಡ್ಕಂಡು ಬರ್ರಿ.”

ಮೊದಲೆಲ್ಲ ಸರ್ವರ್ ಇಲ್ಲ ಎನ್ನುತ್ತಿದ್ದರು. ಜನ ಅದನ್ನು ನಂಬುವುದು ಬಿಟ್ಟಿದ್ದರು. ಈಗ ಕಣ್ಣೆದುರಿಗೇ ಸಾಕ್ಷಿ. ಇಡೀ ಹಾಲ್‌ಗೆ ಪಾಠ ಹೇಳಿದ ನನಗೆ, ಕೀ ನೋಡದೆ ಒತ್ತಬಲ್ಲ ಶಿಷ್ಯ ಅಂತ ಸಿಕ್ಕಿದ್ದು ಇವರೊಬ್ಬರೇ. ನಾನೇ ಸಾಕಿದ ಗಿಣಿ ಹದ್ದಾಗಿ ಕುಕ್ಕಲು ಬಂದಿತ್ತು.

ನನ್ನ ಮುಂದಿದ್ದ ಹಳ್ಳಿಯ ಹೆಂಗಸು ಕಿಟಕಿ ಬಿಟ್ಟು ಕದಲಲಿಲ್ಲ. “ಯಣ್ಣಾ, ನಿನ್ನೆನೂ ಹಿಂಗ ಅಂದ್ರಿ. ನನ್ ಮಗಳ ಹಾಸ್ಟೆಲ್‌ಗೆ ನಾಳೆ ಕಡೀ ದಿನ ಐತ್ರಿ.”

ನನ್ನ ಸಿಟ್ಟು ನೆತ್ತಿಗೇರಿತು. “ಸರ್, ಪಾಸ್‌ವರ್ಡ್ ಹಾಕ್ರಿ. ಇದು ತಾನಾಗಿ ಲಾಕ್ ಆಗಿದ್ದಲ್ಲ, ನೀವ ಮಾಡಿದ್ದು!”

ಅವರು ತಲೆ ಎತ್ತಿದರು. ನಾಚುತ್ತಾರೆ ಎಂದುಕೊಂಡೆ. ಬದಲಿಗೆ ಅವರ ಮುಖ ಅರಳಿತು.

“ಅಯ್ಯ, ಮೇಡಂ! ನೀವ್ಯಾಕ ಲೈನಾಗ ನಿಂತೀರಿ? ಒಳಗ ಬರ್ರಿ. ಏ, ಇಲ್ ನೋಡ್ರಿ, ಇದನ್ನೆಲ್ಲಾ ನಮಗ ಕಲಿಸಿದೋರು ಇವ್ರ!”

ಇಡೀ ಲೈನು ತಿರುಗಿ ನನ್ನನ್ನು ನೋಡಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರೋ ಹಿಂದಿನಿಂದ, “ಓ, ಈಕಿನಾ?” ಎಂದರು.

ಒಳಗೆ ಕುರ್ಚಿ ಹಾಕಿಸಿದರು, ಚಹಾಕ್ಕೆ ಹೇಳಿದರು. “ನಿಮ್ದು ಕೊಡ್ರಿ, ಈಗ್ಲೇ ಮಾಡಿಬಿಡ್ತೀನಿ,” ಎಂದು ಕೈ ಚಾಚಿದರು. ಹಳ್ಳಿಯ ಹೆಂಗಸು ಕಿಟಕಿಯಾಚೆಯಿಂದ ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದಳು. ನನಗೂ ಮಗಳಿದ್ದಾಳೆ, ಅವಳಿಗೂ ಮಗಳಿದ್ದಾಳೆ. “ಮೊದಲು ಇವರದೆಲ್ಲ ಮುಗಸ್ರಿ,” ಎಂದು ನನ್ನ ಅರ್ಜಿಯನ್ನು ಮೇಜಿನ ಮೇಲಿದ್ದ ಅರ್ಜಿಗಳ ಕಟ್ಟಿನ ಅಡಿಗೆ ಸೇರಿಸಿದೆ. ಹಾಗೆ ಸೇರಿಸುವಾಗ ಸ್ವಲ್ಪ ಠೀವಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಗುಮಾಸ್ತರು ಶುರು ಮಾಡಿದರು. ಒಂದು ಬೆರಳಿನಲ್ಲಿ ಅಕ್ಷರ ಹುಡುಕಿದರು. ಸಿಕ್ಕ ಮೇಲೆ ಅದನ್ನು ನಿಧಾನವಾಗಿ ಒತ್ತಿದರು. ಮೌಸ್ ಹಿಡಿದು ಮುಂದಿನ ಖಾನೆಗೆ ಹೊರಟು ದಾರಿ ತಪ್ಪಿದರು. ಎಲ್ಲ ಅರ್ಜಿಗೂ ಒಂದೇ ತಾಲ್ಲೂಕು, ಒಂದೇ ಜಿಲ್ಲೆ; ಪ್ರತಿ ಸಲವೂ ಅದನ್ನು ಹೊಸದಾಗಿ ಟೈಪ್ ಮಾಡಿದರು. ನಾನು ಹಲ್ಲು ಕಚ್ಚಿ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ.

“ಸರೀರಿ ಅತ್ಲಾಗ!”

ಅವರು ಎಷ್ಟು ಬೇಗ ಎದ್ದರೆಂದರೆ, ಅಷ್ಟು ಚುರುಕು ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಹೊರಗಿನವರು ಇಲ್ಲಿ ಕೂರಬಾರದು ಎಂಬ ಕಾಗದ ಗೋಡೆಗೆ ಅಂಟಿಸಿದ್ದರು. ಅದರ ಕೆಳಗೇ ಕೂತು ಕೆಲಸ ಶುರು ಮಾಡಿದೆ. ಟ್ಯಾಬ್, ಅಂಟು, ಟ್ಯಾಬ್, ಸೇವ್. ಹಳ್ಳಿಯ ಹೆಂಗಸಿನದು ಮೊದಲು ಸಾಹೇಬರ ಒಪ್ಪಿಗೆಗೆ ಹೋಯಿತು. “ನಿನ್ ಹೊಟ್ಟಿ ತಣ್ಣಗಿರ್ಲಿ ಯವ್ವಾ,” ಎಂದಳು. ಅದನ್ನು ಕೇಳಿ ಇನ್ನೂ ಹುರುಪು ಬಂತು. ಗುಮಾಸ್ತರು ಚಹಾ ಕುಡಿದರು, ಎಲೆ ಅಡಿಕೆ ಹಾಕಿಕೊಂಡರು. ಪಕ್ಕದ ಮೇಜಿನವರು ತಮ್ಮ ಕಟ್ಟನ್ನೂ ತಂದು, “ಮೇಡಂ, ಹಂಗ ಇವೊಂದಿಷ್ಟು,” ಎಂದು ಇಟ್ಟು ಹೋದರು. ಮೆತ್ತಗಿದ್ದರೆ ಮತ್ತೊಂದು ಗುದ್ದು ಅಂತಾರೆ. ನಾನು ಮೆತ್ತಗೇನೂ ಇರಲಿಲ್ಲ, ಆದರೂ ಗುದ್ದು ತಪ್ಪಲಿಲ್ಲ.

ಸಂಜೆ ಮಗಳು ಫೋನ್ ಮಾಡಿದಳು. “ಆತೇನವ್ವಾ?”

“ನಮ್ದೊಂದ ಉಳದೈತಿ,” ಎಂದು ಅಡಿಯಿಂದ ಅರ್ಜಿ ಎಳೆಯುವಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು. ಒಪ್ಪಿಗೆ ಕೊಡಬೇಕಾದ ಸಾಹೇಬರು ಹೊರಟು ಹೋದರು. ಆ ರಾತ್ರಿಯೂ ಮಗಳು ತಟ್ಟೆ ಸರಿಸಿ ಎದ್ದು ಹೋದಳು.

ಮರುದಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಠೀವಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಗುಮಾಸ್ತರ ಕುರ್ಚಿಯಲ್ಲಿ ಕೂತು, ಎಲ್ಲರಿಗಿಂತ ಮೊದಲು ಮಗಳ ಅರ್ಜಿ ಹಾಕಿ, ಸೇವ್ ಮಾಡಿ, ಎದ್ದೆ. ಗುಮಾಸ್ತರು ದೊಡ್ಡದೊಂದು ಕಟ್ಟು ತಂದು ಮುಂದಿಟ್ಟರು.

“ಸಾಹೇಬ್ರು ಸಂಜಿಗೆ ಎಲ್ಲಾ ಒಮ್ಮೆಲೇ ಒಪ್ಪಿಗಿ ಕೊಡ್ತಾರ ಮೇಡಂ. ಅಲ್ಲೀತನಾ ಸುಮ್ನ ಕೂತು ಏನ್ ಮಾಡ್ತೀರಿ?”

ಮಗಳ ಪತ್ರ ಬರುವುದು ಬಿಡುವುದು ಅವರ ಕೈಯಲ್ಲಿತ್ತು. ಕೂತೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೆರಳಿಗೆ ಇಳಿಸಿ ಹೊತ್ತು ಇಳಿಯುವವರೆಗೂ ಕುಟ್ಟಿದೆ. ಸಂಜೆ ಪತ್ರ ಬಂತು, ನನ್ನ ಗಂಡ ಅದನ್ನು ಫೋನಿನಲ್ಲೇ ಹಾಸ್ಟೆಲ್‌ಗೆ ಕಳಿಸಿದರು, ಮಗಳಿಗೆ ಸೀಟು ಸಿಕ್ಕಿತು. ಆದರೆ ಆ ಪತ್ರವನ್ನು ನನ್ನ ಕೈಗೆ ಕೊಡುವಾಗ ಗುಮಾಸ್ತರು ಕುರ್ಚಿಗೆ ಒರಗಿ, ಹೆಮ್ಮೆಯಿಂದ ಸುತ್ತ ನೋಡಿ ಹೇಳಿದರು:

“ನೋಡಿದ್ರಾ ಮೇಡಂ, ನಮ್ ಆಫೀಸ್ನಾಗ ಈಗ ಕೆಲಸ ಎಷ್ಟ್ ಜಲ್ದಿ ಆಗ್ತೈತಿ!”