ಚಿಗವ್ವ ಹರಿಗೋಲಿನಲ್ಲಿ ಜಾಗ ಬದಲಿಸಿದ್ದು

ಆ ಹರಿಗೋಲು ಮಗುಚಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಲೆಯೊಳಗೆ ಅದು ನೂರಾರು ಸಲ ಮಗುಚಿದೆ.

ನಾನಾಗ ಹೈದರಾಬಾದಿನ ಕಾಲೇಜಿನಲ್ಲಿದ್ದೆ, ಪಾಠವೆಲ್ಲ ಉರ್ದುವಿನಲ್ಲಿ. ಸೂಟಿಗೆ ಕೊಪ್ಪಳದ ಮನೆಗೆ ಬಂದ ಕೂಡಲೇ, ನಮ್ಮ ಜೊತೆಗೇ ಇದ್ದ ಸೋದರತ್ತೆ ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಸುತ್ತಿ ಹಿಡಿದು, ಬೆರಳ ತುದಿ ಕೂಡುತ್ತವೋ ಇಲ್ಲವೋ ನೋಡುತ್ತಿದ್ದಳು. ಕೂಡುತ್ತಿದ್ದವು. ಅಲ್ಲಿಗೆ ನನ್ನ ಓದಿಗೂ ಆ ಊರಿನ ಅನ್ನಕ್ಕೂ ಬೈಗುಳ ಶುರು. ನಾನು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡರೆ ಮುಗಿಯುತ್ತಿತ್ತು.

ಚಿಕ್ಕಪ್ಪನ ಹೆಂಡತಿಗೆ, ನಮ್ಮ ಚಿಗವ್ವನಿಗೆ, ಅದು ಹಾಗೆ ಮುಗಿಯುತ್ತಿರಲಿಲ್ಲ. ಆಕೆ ದಪ್ಪ. ಬಳೆಗಾರ ಅವಳ ಅಳತೆಯ ಬಳೆ ಹುಡುಕುವಷ್ಟು ಹೊತ್ತೂ ಅತ್ತೆ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು. ಊಟಕ್ಕೆ ಕೂತರೆ ಚಿಗವ್ವ ಒಂದು ರೊಟ್ಟಿ ಮುಗಿಸಿ ಎದ್ದುಬಿಡುವಳು. ಆಮೇಲೆ ಅಡುಗೆಮನೆಯ ಕತ್ತಲಲ್ಲಿ ನಿಂತು ತಿನ್ನುವಳು. ಒಮ್ಮೆ ನೀರು ಕುಡಿಯಲು ಹೋದ ನನ್ನನ್ನು ಕಂಡು ಬಾಯಲ್ಲಿದ್ದುದನ್ನು ಅಗಿಯದೆ ಹಾಗೇ ನಿಂತಿದ್ದಳು.

ಆ ಸಲ ಅತ್ತೆಯ ಮಗಳ ಕುಬಸ. ಬಸುರಿ ಮಗಳಿಗೆ ತವರಿನವರು ಬುತ್ತಿ ಒಯ್ಯಬೇಕು. ಅವಳ ಗಂಡನ ಮನೆ ಇದ್ದುದು ವಿರೂಪಾಪುರಗಡ್ಡೆಯಲ್ಲಿ, ಸುತ್ತಲೂ ಹೊಳೆ. ಅತ್ತೆ, ಚಿಗವ್ವ, ನಾನು, ಬುತ್ತಿಯ ಮೂರು ಬುಟ್ಟಿ ಬಂಡಿ ಇಳಿದು ದಂಡೆಗೆ ಬಂದೆವು. ಮಳೆಗಾಲ ಮುಗಿದಿದ್ದರೂ ನೀರಿನ ಸೆಳವು ಜೋರಾಗಿತ್ತು.

ಅಂಬಿಗ ಯಾರನ್ನೂ ತಮ್ಮಿಷ್ಟಕ್ಕೆ ಕೂರಲು ಬಿಡುತ್ತಿರಲಿಲ್ಲ. ಒಬ್ಬೊಬ್ಬರನ್ನೂ ಕಣ್ಣಲ್ಲೇ ತೂಗಿ ಜಾಗ ತೋರಿಸುತ್ತಿದ್ದ. ಬುಟ್ಟಿಗಳು, ಅತ್ತೆ, ನಾನು ಒಂದು ಬದಿಗೆ. ಎದುರಿಗೆ ಚಿಗವ್ವ ಒಬ್ಬಳೇ. ಅವನಿಗೆ ಅದು ಬರೀ ಕೆಲಸ.

“ಅವ್ವಾರ, ಆ ದಂಡಿ ಮುಟ್ಟೂತನಕ ಅಲ್ಲಿಂದ ಏಳಬ್ಯಾಡ್ರಿ,” ಎಂದ.

“ಛಲೋ ತಕ್ಕಡಿ ಹಿಡದಿ ನೋಡಪ್ಪಾ,” ಎಂದಳು ಅತ್ತೆ. “ನಾವಿಬ್ರು, ಮ್ಯಾಲ ಮೂರು ಬುಟ್ಟಿ. ಆದ್ರೂ ಇಕಿ ಕಡೀನ ಜಗ್ಗತೈತಿ.”

ಹೇಳಿ ತಾನೇ ನಕ್ಕಳು. ನಾನೂ ನಕ್ಕೆ. ಜೋರಾಗಿಯೇ ನಕ್ಕೆ.

ನಡುಹೊಳೆ ದಾಟುವಾಗ ಆಚೆ ದಂಡೆಯಲ್ಲಿ ಬೀಗರ ಕಡೆಯ ಹೆಂಗಸರು ಕಂಡರು. ಯಾರೋ ನಮ್ಮತ್ತ ಕೈ ತೋರಿಸಿ ಏನೋ ಹೇಳಿದರು, ಉಳಿದವರು ನಕ್ಕರು. ಚಿಗವ್ವ ಅದನ್ನು ನೋಡಿದಳು. ಅಷ್ಟು ಜನರೆದುರು ಹಾಗೆ ಒಂಟಿಯಾಗಿ, ತೂಕದ ಕಲ್ಲಿನಂತೆ ಹೋಗಿ ಇಳಿಯಲು ಅವಳಿಗೆ ಮನಸ್ಸಾಗಲಿಲ್ಲ. ತಲೆ ತಗ್ಗಿಸಿ ಎದ್ದು, ಎರಡೇ ಹೆಜ್ಜೆಯಲ್ಲಿ ನಮ್ಮ ಕಡೆ ಬಂದು, ಬುಟ್ಟಿಗಳ ಮರೆಯಲ್ಲಿ ಕೂತುಬಿಟ್ಟಳು.

ನಮ್ಮ ಬದಿಯ ಅಂಚು ಮುಳುಗಿತು. ನೀರು ನುಗ್ಗಿತು, ಸೊಂಟದವರೆಗೆ ಕೊರೆಯುವ ನೀರು. ಒಂದು ಬುಟ್ಟಿ ಜಾರಿ ಹೊಳೆಗೆ ಬಿತ್ತು. ಅತ್ತೆ ಎದ್ದು ನಿಂತು ನನ್ನ ಕೊರಳು ಹಿಡಿದಳು. ಅಂಬಿಗ ಕೂಗುತ್ತಿದ್ದ, ಹರಿಗೋಲು ಗಿರ್ರನೆ ತಿರುಗುತ್ತಿತ್ತು, ಆಕಾಶ ಒಮ್ಮೆ, ದಂಡೆ ಒಮ್ಮೆ. ಸಮತೋಲದ ಬಗ್ಗೆ ಪರೀಕ್ಷೆಯಲ್ಲಿ ಉರ್ದುವಿನಲ್ಲಿ ಪುಟಗಟ್ಟಲೆ ಬರೆದ ನನಗೆ ಕೈ ಎತ್ತಲೂ ಆಗಲಿಲ್ಲ.

ಚಿಗವ್ವ ಅಂಬೆಗಾಲಿಟ್ಟು ಆ ಇಳಿಜಾರನ್ನು ಹತ್ತಿದಳು. ಮೇಲೆದ್ದಿದ್ದ ಅಂಚಿಗೆ ಹೊಟ್ಟೆ ಹೇರಿ, ಹೊರಮೈಯನ್ನು ಎರಡೂ ಕೈಯಿಂದ ಬಾಚಿ ಹಿಡಿದು, ಇಡೀ ಮೈಭಾರ ಬಿಟ್ಟಳು. ಹರಿಗೋಲು ಧಪ್ಪೆಂದು ನೀರಿಗೆ ಕೂತಿತು.

“ಅಕ್ಕಾರ, ಕುಂದರ್ರಿ,” ಎಂದಳು, ತಿರುಗಿ ನೋಡದೆ. “ನಾ ಹಿಡದೀನಿ.”

ಅತ್ತೆ ಕೂತಳು. ನಾನು ಚೊಂಬಿನಿಂದ ನೀರು ಮೊಗೆದು ಮೊಗೆದು ಚೆಲ್ಲಿದೆ. ದಂಡೆ ಮುಟ್ಟುವವರೆಗೂ ಚಿಗವ್ವ ಮೈ ಕದಲಿಸಲಿಲ್ಲ. ಇಳಿದ ಮೇಲೆ ನಮಗೇನಾಯಿತೋ, ಮೂವರೂ ಒದ್ದೆ ಬಟ್ಟೆಯಲ್ಲೇ ಒಬ್ಬರನ್ನೊಬ್ಬರು ಹಿಡಿದು ನಗತೊಡಗಿದೆವು. ಬದುಕಿದ್ದೇವೆ ಎನ್ನುವುದೇ ಒಂದು ಹಬ್ಬದಂತಿತ್ತು.

ಮಧ್ಯಾಹ್ನದೊಳಗೆ ಅತ್ತೆ ಆ ಕಥೆಯನ್ನು ನಾಲ್ಕು ಸಲ ಹೇಳಿದಳು. ಪ್ರತಿ ಸಲವೂ ನೀರು ಇನ್ನಷ್ಟು ಏರಿತು, ನಮ್ಮನ್ನು ಮುಳುಗಿಸುವುದರಲ್ಲಿದ್ದುದು ಚಿಗವ್ವನ ಮೈಯೇ; ಆಕೆ ಅಂಚು ಹಿಡಿದದ್ದು ಕಥೆಯಲ್ಲಿ ಬರಲೇ ಇಲ್ಲ. ಗಂಡಸರ ಪಂಕ್ತಿ ಮುಗಿದಿದ್ದರಿಂದ ನನ್ನನ್ನು ಹೆಂಗಸರ ಸಾಲಿನ ತುದಿಗೆ ಕೂರಿಸಿದ್ದರು. ಐದನೆಯ ಸಲ ಶುರುವಾದಾಗ ನನಗೆ ತಡೆಯಲಾಗಲಿಲ್ಲ.

“ಅತ್ತಿ, ಚಿಗವ್ವ ಎದ್ದು ಬಂದದ್ದು ನಾವು ನಕ್ಕಿದ್ದಕ್ಕ. ನೀನೂ ನಕ್ಕಿ, ನಾನೂ ನಕ್ಕೆ.”

ಚಿಗವ್ವ ನನ್ನತ್ತ ನೋಡಲಿಲ್ಲ.

“ನೀ ಸುಮ್ನಿರು ತಮ್ಮಾ, ನಾನಽ ಹೇಳ್ತೀನಿ,” ಎಂದಳು. “ಅಕ್ಕಾರ, ಇನ್ನ ಮ್ಯಾಲ ನಾ ಉಣ್ಣೂವಾಗ ನನ್ನ ಮೈ ಮಾತು ಎತ್ತಬ್ಯಾಡ್ರಿ. ಹೊಟ್ಟಿ ತುಂಬಿದ್ದು ನನಗ ತಿಳಿತೈತಿ.” ಆಮೇಲೆ ಬಡಿಸುವವಳನ್ನು ಕರೆದು ಇನ್ನೊಂದು ಹೋಳಿಗೆ ಕೇಳಿದಳು.

ಅತ್ತೆ ತನ್ನ ಮುಂದಿದ್ದ ತುಪ್ಪದ ಗಿಂಡಿಯನ್ನು ಮೆಲ್ಲಗೆ ಚಿಗವ್ವನ ಕಡೆ ಸರಿಸಿದಳು. ಚಿಗವ್ವ ತುಪ್ಪ ಹಾಕಿಕೊಂಡು, ಎಲ್ಲರೆದುರು ಕೂತೇ ಹೋಳಿಗೆ ಮುಗಿಸಿದಳು.